ಕಣಜದೊಳಗಿನ ಹಳೆಯ ಉತ್ತರ

ನಿನ್ನ ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಆಸಿಮ್, "ಹೆಸರು ಹುಡುಕ್ತಾಳೆ" ಎಂದಷ್ಟೇ ಹೇಳಿ ಪಿಕಪ್ ಗಾಡಿ ಸ್ಟಾರ್ಟ್ ಮಾಡಿಬಿಡುತ್ತಾನೆ. ಹೀಗಾಗಿ ಸಕಲೇಶಪುರದ ಅವರ ಬೀದಿಯಲ್ಲಿ ಬಾಣಂತಿಯ ಮನೆಯವರು ಮಗುವಿಗೆ ಒಳ್ಳೆಯ ಹೆಸರು ಕೇಳಿಕೊಂಡು ಶಾಜಿಯಾಳ ಬಳಿ ಬಂದದ್ದೂ ಉಂಟು. ಅವಳು ಟೀ ಕೊಟ್ಟು, ಗೊತ್ತಿದ್ದ ನಾಲ್ಕು ಹೆಸರು ಹೇಳಿ, ತನ್ನ ನಿಜವಾದ ಕೆಲಸ ಯಾವುದೆಂದು ವಿವರಿಸಿದಳು. ವಿವರಣೆ ಅವರಿಗೆ ತಿಳಿಯಲಿಲ್ಲ. ಹೆಸರು ಮಾತ್ರ ಅವಳು ಹೇಳಿದ್ದನ್ನೇ ಇಟ್ಟರು.

ಅವಳು ಹುಡುಕುವುದು ಇಂಟರ್‌ನೆಟ್ ವಿಳಾಸದ ಹೆಸರುಗಳನ್ನು. ಹೋಮ್‌ಸ್ಟೇ ತೆರೆಯುವವರಿಗೆ, ಕಾಫಿಪುಡಿ ಮಾರುವವರಿಗೆ, ಮೆಣಸಿನ ವ್ಯಾಪಾರಿಗಳಿಗೆ ವೆಬ್‌ಸೈಟ್ ಬೇಕೆಂದಾಗ ಮೊದಲು ಬೇಕಾಗುವುದು ಡೊಮೈನ್ ಹೆಸರು. ಚೆನ್ನಾಗಿರುವ ಹೆಸರನ್ನು ಯಾರೋ ಮೊದಲೇ ತೆಗೆದುಕೊಂಡಿರುತ್ತಾರೆ. ಉಳಿದವುಗಳಲ್ಲಿ ಹೇಳಲು ಹಗುರವಾದದ್ದನ್ನು, ಹಿಂದೆ ಯಾರೂ ಕೆಟ್ಟ ಕೆಲಸಕ್ಕೆ ಬಳಸದಿರುವುದನ್ನು ಆರಿಸಬೇಕು. ಇದಕ್ಕೊಂದು ಸಾಫ್ಟ್‌ವೇರ್ ಇದೆ. ಬೆಟ್ಟ, ಕಾಫಿ, ಮಂಜು, ಮನೆ ಎಂಬಂಥ ಪದಗಳನ್ನು ಕೊಟ್ಟರೆ ಅದು ಅವನ್ನು ಹಿಂದೆಮುಂದೆ ಜೋಡಿಸಿ ಸಾವಿರಾರು ಹೆಸರು ಕಟ್ಟುತ್ತದೆ. ಆಮೇಲೆ, ಹೆಸರುಗಳ ದಾಖಲೆ ಇಟ್ಟಿರುವ ದೂರದ ಕಂಪ್ಯೂಟರನ್ನು ಒಂದೊಂದಾಗಿ ಕೇಳುತ್ತದೆ: ಇದು ಯಾರ ಬಳಿಯಾದರೂ ಇದೆಯೇ, ಖಾಲಿ ಇದೆಯೇ?

ಹೆಸರಿನ ಮೇಲೆ ಅವಳಿಗೆ ಈ ಆಸೆ ಹುಟ್ಟಿದ್ದು ತಂದೆ ನಜೀರ್ ಅವರ ಕಾಫಿಬೀಜದ ಅಂಗಡಿಯಲ್ಲಿ. ಹಳ್ಳಿಗಳಿಂದ ಬರುವ ಚೀಲಗಳು ಗೋಡೌನಿನಲ್ಲಿ ಒಂದರ ಮೇಲೊಂದು ಕೂರುತ್ತಿದ್ದವು. ಒಬ್ಬರದು ಇನ್ನೊಬ್ಬರದರ ಜೊತೆ ಬೆರೆತರೆ ಜಗಳ. ಆದ್ದರಿಂದ ಪ್ರತಿ ಬೆಳೆಗಾರನಿಗೂ ಒಂದು ಗುರುತು ಬೇಕು. ತಗಡಿನ ಅಚ್ಚಿಟ್ಟು ಕಪ್ಪು ಬಣ್ಣದಲ್ಲಿ ಚೀಲದ ಮೇಲೆ ಬಳಿಯಬೇಕು. ಹೊಸಬರು ಬಂದಾಗ ನಜೀರ್ ಮಗಳನ್ನು ಕರೆಯುತ್ತಿದ್ದರು. ಬೇರೆ ಯಾವ ಗುರುತನ್ನೂ ಹೋಲದ, ಹಮಾಲಿಗಳು ದೂರದಿಂದಲೇ ಹೇಳಬಹುದಾದ ಗುರುತೊಂದನ್ನು ಅವಳು ಕ್ಷಣದಲ್ಲಿ ಕಟ್ಟಿಕೊಡುತ್ತಿದ್ದಳು. ಡಿಗ್ರಿಯ ಎರಡನೆಯ ವರ್ಷದಲ್ಲಿ ಮದುವೆಯಾಯಿತು. ಗೋಡೌನಿನ ಮೇಲಿನ ಕೋಣೆಯೇ ಈಗ ಅವಳ ಆಫೀಸು. ಮೆಟ್ಟಿಲು ಹತ್ತಿದರೆ ಕೆಳಗಿನ ಕಾಫಿ ಚೆರಿಯ ಹುಳಿವಾಸನೆ ಜೊತೆಯಲ್ಲೇ ಹತ್ತುತ್ತದೆ.

ಮೊದಮೊದಲು ಈ ಕೆಲಸ ಬಹಳ ನಿಧಾನವಾಗಿತ್ತು. ಒಂದೇ ಕಡೆಯಿಂದ ಬೇಗಬೇಗ ಪ್ರಶ್ನೆ ಕಳಿಸಿದರೆ ದಾಖಲೆಯ ಕಂಪ್ಯೂಟರು ಸ್ವಲ್ಪ ಹೊತ್ತು ಉತ್ತರ ಕೊಡುವುದನ್ನೇ ನಿಲ್ಲಿಸುತ್ತಿತ್ತು. ಸಾವಿರ ಹೆಸರು ನೋಡಿ ಮುಗಿಯುವಷ್ಟರಲ್ಲಿ ಗಿರಾಕಿಯ ಮನಸ್ಸೇ ಬದಲಾಗಿರುತ್ತಿತ್ತು. "ಇವಳ ಕಂಪ್ಯೂಟ್ರು ಓಡೋಕಿಂತ ನನ್ನ ಗಾಡಿ ಶಿರಾಡಿ ಘಾಟಿ ಹತ್ತೋದೇ ಬೇಗ" ಎಂದು ಆಸಿಮ್ ನಗುತ್ತಿದ್ದ.

ಅದಕ್ಕೊಂದು ದಾರಿ ಕಂಡುಹಿಡಿದವನು ಆಲೂರು ತಾಲ್ಲೂಕಿನ ಪಾಳ್ಯದ ಕುಮಾರ್. ಮನೆಯಲ್ಲಿ ಭತ್ತ, ರಾಗಿ ಬೆಳೆಯುತ್ತ, ಉಳಿದ ಹೊತ್ತಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ಅವನ ಊರಿನಲ್ಲಿ ನಾಟಿಗೆ ಇವತ್ತಿಗೂ ಮುಯ್ಯಾಳು ಹೋಗುತ್ತಾರೆ: ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕುಮಾರ್ ಯೋಚಿಸಿದ್ದೂ ಇಷ್ಟೇ. ಹಾಸನ ಜಿಲ್ಲೆಯಲ್ಲಿ, ಆಚೆ ಈಚೆ, ಇದೇ ಕೆಲಸ ಮಾಡುವವರು ನಲವತ್ತು ಜನ ಇದ್ದಾರೆ. ಎಲ್ಲರೂ ಹೆಚ್ಚುಕಡಿಮೆ ಅವೇ ಹೆಸರುಗಳನ್ನು ಮತ್ತೆಮತ್ತೆ ಕೇಳುತ್ತಿದ್ದಾರೆ. ಒಬ್ಬರಿಗೆ ಸಿಕ್ಕ ಉತ್ತರವನ್ನು ಒಂದು ಕಡೆ ಕೂಡಿಟ್ಟರೆ ಉಳಿದವರು ಅಲ್ಲಿಂದಲೇ ತೆಗೆದುಕೊಳ್ಳಬಹುದಲ್ಲ? ತನ್ನ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು ಅದಕ್ಕೆ 'ಕಣಜ' ಎಂದು ಹೆಸರಿಟ್ಟ. ಯಾರ ಸಾಫ್ಟ್‌ವೇರ್ ಯಾವ ಹೆಸರನ್ನು ಕೇಳಿದರೂ ಉತ್ತರ ಕಣಜಕ್ಕೆ ಬೀಳುತ್ತದೆ. ಮುಂದಿನವರು ಕೇಳಿದಾಗ ದೂರ ಹೋಗುವ ಕೆಲಸವಿಲ್ಲ.

ಮೊದಲ ದಿನ ಶಾಜಿಯಾ ಪಟ್ಟಿ ಕೊಟ್ಟು ಟೀ ಇಡಲು ಕೆಳಗಿಳಿದಳು. ಹಾಲು ಉಕ್ಕುವ ಮೊದಲೇ ಮೇಲೆ ಕೆಲಸ ಮುಗಿದಿತ್ತು. ಏನೋ ಕೆಟ್ಟಿದೆ ಎಂದುಕೊಂಡು ಅವಳು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು.

ಕಣಜದಲ್ಲಿ ಕುಮಾರ್ ಒಂದು ಲೆಕ್ಕ ಇಟ್ಟಿದ್ದ. 'ಖಾಲಿ ಇದೆ' ಎಂಬ ಉತ್ತರ ಬೇಗ ಹಳಸುತ್ತದೆ, ಏಕೆಂದರೆ ಯಾರು ಬೇಕಾದರೂ ಆ ಹೆಸರನ್ನು ಕೊಂಡುಬಿಡಬಹುದು. ಅದನ್ನು ಸ್ವಲ್ಪ ಹೊತ್ತು ಮಾತ್ರ ಇಟ್ಟುಕೊಂಡು ಎಸೆಯಬೇಕು. 'ಬೇರೆಯವರಲ್ಲಿದೆ' ಎಂಬ ಉತ್ತರ ಹಾಗಲ್ಲ. ಒಮ್ಮೆ ಕೊಂಡ ಹೆಸರನ್ನು ಜನ ವರ್ಷಗಟ್ಟಲೆ ಬಿಡುವುದಿಲ್ಲ. ಅದನ್ನು ಬಹಳ ಕಾಲ ಇಡಬಹುದು. ಅನುಮಾನ ಬಂದರೆ ಒತ್ತಲೆಂದು 'ಮತ್ತೆ ಕೇಳು' ಎಂಬ ಬಟನ್ ಕೊಟ್ಟಿದ್ದ. ಯಾರು ಯಾರ ಉತ್ತರವನ್ನು ಮತ್ತೆ ಕೇಳಿದರು ಎಂಬುದು ಈ ನಲವತ್ತು ಜನರ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಾನಾಗಿಯೇ ಬರುತ್ತಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಅದನ್ನು ಬಳಸುವವರು ಮುಯ್ಯಿಗೆ ಹೋಗುವ ಊರಿನವರು ಎಂಬುದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮುಯ್ಯಿಗೆ ಬಂದವರು ನೆಟ್ಟ ಪೈರನ್ನು ಮನೆಯವರು ಹಿಂದಿನಿಂದ ಹೋಗಿ ಎಳೆದು ನೋಡುವುದಿಲ್ಲ. ನೋಡಿದರೆ ಅವರು ಮತ್ತೆ ಬರುವುದಿಲ್ಲ. ಶಾಜಿಯಾ ಒಮ್ಮೆ, ಇದು ಗೊತ್ತಿಲ್ಲದೆ, ಮಹಾದೇವಯ್ಯನವರು ಹಾಕಿದ್ದ ಉತ್ತರವೊಂದನ್ನು ಮತ್ತೆ ಕೇಳಿದ್ದಳು. ಮಹಾದೇವಯ್ಯನವರು ಕುಮಾರ್‌ನ ಸೋದರಮಾವ, ಪಾಳ್ಯದವರೇ. ಆಲೂರಿನಲ್ಲಿ ಬಹಳ ವರ್ಷ ಟೈಪಿಂಗ್ ಕಲಿಸಿ, ಈಗ ಅದೇ ಕೋಣೆಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿರುವವರು. ಗುಂಪಿನಲ್ಲಿ ಅವರ ಧ್ವನಿ ಬಂತು: "ಯಾಕ್ ಶಾಜಿಯಮ್ಮ, ನನ್ ಕಣ್ಣು ಮಂಜಾಗೈತೆ ಅನ್ಕಂಡ್ಯಾ?" ತಮಾಷೆಯಾಗಿಯೇ ಹೇಳಿದ್ದು. ಮೂವತ್ತೆಂಟು ಜನ ನಗುವ ಮುಖ ಒತ್ತಿದರು. ಅವಳಿಗೆ ಕಿವಿಯವರೆಗೂ ಬಿಸಿಯಾಯಿತು. ಅಂದಿನಿಂದ ಅವಳು ಆ ಬಟನ್ ಮುಟ್ಟಲಿಲ್ಲ. ನಿಧಾನಕ್ಕೆ ಬೇರೆ ಯಾರೂ ಮುಟ್ಟದಂತಾಯಿತು.

ಹೊಂಗಡಹಳ್ಳದ ಶಿವಲೀಲಾ ಮೆಟ್ಟಿಲು ಹತ್ತಿ ಬಂದದ್ದು ಕಾಫಿ ಕುಯ್ಲು ಶುರುವಾಗುವ ಮುಂಚೆ. ಅವರು 'ಬಿಳಿಹೂ' ಎಂಬ ಮಹಿಳಾ ಸಂಘದ ಅಧ್ಯಕ್ಷೆ. ಎಸ್ಟೇಟು ಕೂಲಿಯವರ ಲೈನ್ ಮನೆಯ ಹೆಂಗಸರೂ ಸಣ್ಣ ಹಿಡುವಳಿಯ ಹೆಂಗಸರೂ ಸೇರಿ ಕಾಫಿಬೀಜ ಹುರಿದು, ಪುಡಿ ಮಾಡಿ ಊರೂರಿಗೆ ಕಳಿಸುತ್ತಾರೆ. ಗಿರಾಕಿಗಳಿಗೆ ಅಂಗಡಿ ಎಂದರೆ ವೆಬ್‌ಸೈಟೇ: ಬಿಳಿಹೂ ಕಾಫಿ ಡಾಟ್ ಇನ್. ಪ್ಯಾಕೆಟ್ಟಿನ ಮೇಲೆ, ಡಬ್ಬದ ಮೇಲೆ, ಎಲ್ಲ ಕಡೆ ಅದೇ.

"ಶಾಜಿಯಾ, ನಮ್ಮ ಅಂಗ್ಡಿ ಕಾಣ್ತಿಲ್ಲ ಕಣಮ್ಮ" ಎಂದು ಅವರು ಫೋನ್ ಮುಂದೆ ಹಿಡಿದರು. ಪರದೆ ಬಿಳಿಯಾಗಿತ್ತು.

ಶಾಜಿಯಾ ನೋಡಿದಳು. ಹೆಸರಿನ ಅವಧಿ ಮುಗಿದಿತ್ತು. ಸೈಟ್ ಮಾಡಿಕೊಟ್ಟವನು ಯಾರೋ. ಹೆಸರನ್ನು ಸಂಘದ ಹೆಸರಿನಲ್ಲಿ ಅಲ್ಲ, ತನ್ನ ಹೆಸರಿನಲ್ಲೇ ಬರೆಸಿದ್ದ. ನವೀಕರಿಸಿ ಎಂಬ ಸೂಚನೆಗಳು ಅವನಿಗೆ ಹೋಗಿದ್ದವು. ಅವನು ಆ ಕಸುಬು ಬಿಟ್ಟು ನಂಬರ್ ಬದಲಿಸಿದ್ದ.

"ಅಂದ್ರೆ ಈ ಹೆಸ್ರು ನಮ್ದಲ್ವಾ?"

"ಅವರ ಹೆಸರಲ್ಲಿತ್ತು ಶಿವಲೀಲಕ್ಕ. ಈಗ ಅವರದ್ದೂ ಅಲ್ಲ. ಕೆಲವು ವಾರ ತಡೆದಿಡ್ತಾರೆ, ಆಮೇಲೆ ಬಿಡ್ತಾರೆ. ಬಿಟ್ಟ ತಕ್ಷಣ ನಾವು ಹಿಡೀಬೇಕು. ತಡ ಮಾಡಿದ್ರೆ ಬೇರೆ ಯಾರಾದ್ರೂ ಹಿಡೀತಾರೆ. ಹಳೇ ಹೆಸರಿಗೆ ಆಸೆಪಡೋರು ಬಹಳ ಜನ."

ಶಿವಲೀಲಾ ಸೆರಗಿನಿಂದ ಫೋನಿನ ಪರದೆ ಒರೆಸಿದರು. ಆಮೇಲೆ, "ಯಾರ್ ಹಿಡುದ್ರೂ ನಮ್ ಪ್ಯಾಕೆಟ್ ನೋಡಿ ಬಂದೋರು ಅವ್ರ ಮನೆಗ್ ಹೋಗ್ತಾರಾ?"

"ಹೌದು."

"ಹಿಡ್ಕೊಡು ತಾಯಿ. ಈ ಸಾರಿ ಇನ್ನೊಬ್ರ ಹೆಸ್ರಲ್ಲಿ ಬ್ಯಾಡ. ನಿನ್ ಹೆಸ್ರಲ್ಲೂ ಬ್ಯಾಡ, ಬೇಜಾರ್ ಮಾಡ್ಕಬ್ಯಾಡ. ಸಂಘದ ಹೆಸ್ರಲ್ಲೇ ಆಗ್ಬೇಕು."

ಶಾಜಿಯಾ ಮಾತು ಕೊಟ್ಟಳು.

ಅಂದಿನಿಂದ ದಿನಾ ಬೆಳಿಗ್ಗೆ ನಮಾಜು ಮುಗಿಸಿ ಅವಳು ಮೊದಲು ನೋಡುತ್ತಿದ್ದದ್ದು ಬಿಳಿಹೂ ಹೆಸರನ್ನು. ಪರದೆಯ ಮೇಲೆ ಕೆಂಪು ಗುರುತು ಬರುತ್ತಿತ್ತು: ಬೇರೆಯವರಲ್ಲಿದೆ. ಪಕ್ಕದಲ್ಲಿ ಸಣ್ಣದಾಗಿ 'ನೋಡಿದವರು: ಮಹಾದೇವಯ್ಯ'. ಅವರೂ ಯಾವ ಕಾರಣಕ್ಕೋ ಈ ಹೆಸರನ್ನು ನೋಡಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡಳು. ವಾರಗಳು ಕಳೆದವು. ತಡೆದಿಡುವ ಅವಧಿ ಮುಗಿದಿರಬೇಕು ಎಂದು ಅನ್ನಿಸತೊಡಗಿತು. ಬಟನ್ ಒತ್ತಲು ಕೈ ಹೋಯಿತು. ಆ ನಗುವ ಮುಖಗಳು ನೆನಪಾದವು. ಬಟನ್ ಬಿಟ್ಟು ಫೋನ್ ಮಾಡಿದಳು.

"ಸರ್, ಬಿಳಿಹೂ ಅಂತ ಒಂದು ಹೆಸರಿದೆ. ಬಿಟ್ಟಿದ್ದಾರಾ ಅಂತ ಒಮ್ಮೆ ನೋಡ್ತೀರಾ?"

"ತಡಿ ಶಾಜಿಯಮ್ಮ, ಮುಂದೇನೇ ಕೂತಿವ್ನಿ." ಕೀಲಿಗಳ ಸದ್ದು ಕೇಳಿಸಿತು, ಟೈಪಿಂಗ್ ಕಲಿಸಿದ ಕೈಯ ಒಂದೇ ಸಮನಾದ ಸದ್ದು. "ಇಲ್ಲ, ಹಂಗೇ ಐತೆ. ಬೇರೆಯೋರ್ ತಾವೇ ಐತೆ."

"ಸರಿ ಸರ್." ಅವಳ ಎದೆ ಹಗುರವಾಯಿತು. ಇನ್ನೂ ಸಮಯವಿದೆ.

ರಾಗಿ ಒಕ್ಕಣೆಯ ದಿನಗಳು. ಒಂದು ಮುಂಜಾನೆ ಪಾಳ್ಯದಲ್ಲಿ ಲೈನ್ ಕೆಲಸವಿದೆಯೆಂದು ಕರೆಂಟ್ ತೆಗೆದರು. ಕುಮಾರ್ ಮನೆಯ ಕಣಜ ನಿಂತಿತು. ಕಣಜ ಸಿಗದಿದ್ದಾಗ ಸಾಫ್ಟ್‌ವೇರ್ ಹಳೆಯ ದಾರಿ ಹಿಡಿಯುತ್ತದೆ. ನಿಧಾನವಾಗಿ, ಒಂದೊಂದೇ ಹೆಸರನ್ನು ದೂರದ ದಾಖಲೆಯನ್ನೇ ಕೇಳುತ್ತದೆ. ಶಾಜಿಯಾ ಬಿಳಿಹೂ ಎಂದು ಬರೆದು, ಎಂದಿನಂತೆ ಕೆಂಪು ಬರುವುದನ್ನು ಕಾಯದೆ ಕಿಟಕಿ ತೆರೆಯಲು ಎದ್ದಳು. ಹಿಂದಿರುಗಿ ನೋಡಿದರೆ ಪರದೆಯ ಮೇಲೆ ಹಸಿರು.

ಖಾಲಿ ಇದೆ.

ನಿಂತೇ ಓದಿದಳು. ಕೂತು ಓದಿದಳು. ಬೇರೆ ದಾರಿಯಿಂದ ಕೇಳಿದಳು, ಅಲ್ಲೂ ಅದೇ. ಖಾಲಿ ಇದೆ ಮಾತ್ರವಲ್ಲ, ಬಿಟ್ಟು ಎಷ್ಟೋ ದಿನ ಆಗಿಹೋಗಿತ್ತು. ದಿನಾ ಬೆಳಿಗ್ಗೆ ಅವಳು ನೋಡುತ್ತಿದ್ದದ್ದು ಹೆಸರನ್ನಲ್ಲ. ಮಹಾದೇವಯ್ಯನವರು ಯಾವತ್ತೋ ಒಮ್ಮೆ ನೋಡಿ ಕಣಜದಲ್ಲಿ ಬಿಟ್ಟುಹೋದ ಉತ್ತರವನ್ನು. ಹಾಗಾದರೆ ಫೋನಿನಲ್ಲಿ ಅವರು ನೋಡಿ ಹೇಳಿದ್ದು? ಅವರೂ ನೋಡಿದ್ದು ಕಣಜದಲ್ಲೇ. ತಾವೇ ಇಟ್ಟ ಉತ್ತರವನ್ನು ತಾವೇ ತೆಗೆದು, ಹೊಸದೆಂದು ಅವಳಿಗೆ ಓದಿ ಹೇಳಿದ್ದರು. ಸುಳ್ಳು ಯಾರೂ ಹೇಳಿರಲಿಲ್ಲ. ಇಷ್ಟು ದಿನ ಬಾಗಿಲಿಗೆ ಬೀಗವೇ ಇರಲಿಲ್ಲ; ಬೀಗವಿದೆ ಎಂದು ನಲವತ್ತು ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಆ ಕ್ಷಣದಲ್ಲಿ ತನ್ನ ಹೆಸರಿನಲ್ಲೇ ಕೊಂಡು ಆಮೇಲೆ ಬದಲಿಸಬಹುದಿತ್ತು. ಅದು ಹೊಳೆಯಲಿಲ್ಲವೆಂದಲ್ಲ. 'ನಿನ್ ಹೆಸ್ರಲ್ಲೂ ಬ್ಯಾಡ' ಎಂದ ಹೆಂಗಸಿಗೆ ಕೊಟ್ಟ ಮಾತು ಅಡ್ಡ ನಿಂತಿತು. ಇಷ್ಟು ದಿನ ಯಾರೂ ಮುಟ್ಟದ ಹೆಸರು ಇನ್ನು ಸ್ವಲ್ಪ ಹೊತ್ತು ಇರಲಾರದೇ? ಸಂಘದ ವಿವರ ತುಂಬಿದಳು. ಕೊನೆಗೆ ಶಿವಲೀಲಾ ಫೋನಿಗೆ ಹೋಗುವ ಒಟಿಪಿ ಬೇಕಿತ್ತು.

ಫೋನ್ ಹತ್ತಲಿಲ್ಲ. ಹೊಂಗಡಹಳ್ಳದಲ್ಲಿ ಸಿಗ್ನಲ್ ಸಿಗುವುದು ರಸ್ತೆಯ ತಿರುವಿನಲ್ಲಿ ಮಾತ್ರ. ಅಲ್ಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್‌ಗೆ ಆಫೀಸಿನ ಫೋನಿಗೆ ಕರೆ ಮಾಡಿದಳು.

"ಶಿವಲೀಲಮ್ಮ ಒಣಗಿಸೋ ಕಣದಲ್ಲವ್ರೆ. ಕರೆಸ್ಬೇಕಾ?"

"ಬೇಗ ಕರೆಸಿ ಅಣ್ಣ. ತಿರುವಿಗೆ ಓಡಿಬಂದು ಫೋನ್ ಮಾಡೋಕೆ ಹೇಳಿ."

"ಏನ್ರೀ, ಯಾರಾದ್ರೂ ಹೋಗ್ಬುಟ್ರಾ?"

"ಇಲ್ಲ ಅಣ್ಣ, ಹೆಸರು ಸಿಕ್ಕಿದೆ! ಬೇಗ!"

ಕಾಯುತ್ತ ಕೂತಳು. ಕೆಳಗೆ ಹಮಾಲಿಗಳು ಚೀಲ ಇಳಿಸುವ ಸದ್ದು. ಶಿವಲೀಲಾ ಏದುಸಿರು ಬಿಡುತ್ತ ಫೋನ್ ಮಾಡಿ ಒಟಿಪಿ ಹೇಳಿದರು. ಶಾಜಿಯಾ ಅಂಕಿಗಳನ್ನು ಒತ್ತಿ, 'ಮುಂದೆ' ಎಂದು ಒತ್ತಿದಳು.

ಕ್ಷಮಿಸಿ, ಈ ಹೆಸರು ಈಗ ಲಭ್ಯವಿಲ್ಲ.

ಅವಳು ಮತ್ತೊಮ್ಮೆ 'ಮುಂದೆ' ಒತ್ತಿದಳು, ಮತ್ತೆ ಅದೇ. "ಆಯ್ತಾ ಶಾಜಿಯಾ? ಆಯ್ತಾ?" ಎಂದು ಅತ್ತ ಶಿವಲೀಲಾ ಕೇಳುತ್ತಲೇ ಇದ್ದರು. ಅದೇ ಹೊತ್ತಿಗೆ ಗುಂಪಿನ ಸಂದೇಶ ಬಂದು ಪರದೆಯ ಮೂಲೆಯಲ್ಲಿ ನಿಂತಿತು. ಪಾಳ್ಯಕ್ಕೆ ಕರೆಂಟ್ ಬಂದಿತ್ತು. ಕಣಜ ಎದ್ದಿತ್ತು. ಎದ್ದ ಕೂಡಲೇ ಶಾಜಿಯಾಳ ಸಾಫ್ಟ್‌ವೇರ್ ತನಗೆ ಸಿಕ್ಕ ಹೊಸ ಉತ್ತರವನ್ನು ಕರ್ತವ್ಯದಂತೆ ಅಲ್ಲಿಗೆ ಸುರಿದಿತ್ತು. 'ಮಹಾದೇವಯ್ಯ ಅವರ ಉತ್ತರವನ್ನು ಶಾಜಿಯಾ ಬದಲಿಸಿದ್ದಾರೆ. ಬಿಳಿಹೂ ಕಾಫಿ: ಖಾಲಿ ಇದೆ.'

ನಲವತ್ತು ಜನಕ್ಕೂ ಅವಳೇ ಕೂಗಿ ಹೇಳಿದಂತಾಗಿತ್ತು.

"ಶಿವಲೀಲಕ್ಕ" ಎಂದಳು ಕೊನೆಗೆ, "ಯಾರೋ ತಗೊಂಡ್ರು. ಈಗ. ಈಗಷ್ಟೇ."

ಅತ್ತ ಶಿವಲೀಲಾ ದನಿ ತಗ್ಗಿತು: "ನಿನ್ ಗಂಡ ಇಲ್ಲೇ ಲೋಡ್ ಮಾಡ್ತಾವ್ನೆ. ಗಾಡಿ ಹತ್ಕಂಡು ಬತ್ತೀನಿ. ಇಬ್ರೂ ಹೋಗಾನ, ಯಾರಂತ ಕೇಳಾನ."

ಕೊಂಡವರು ದಾಖಲೆಯಲ್ಲಿ ತಮ್ಮ ಹೆಸರು ಕಾಣದಂತೆ ಮಾಡಿದ್ದರು. ಆದರೆ ಅಷ್ಟು ಬೇಗ ಕೊಳ್ಳಬೇಕಾದರೆ ಬಳಗದವರೇ ಇರಬೇಕು. ಆ ಹೆಸರನ್ನು ಹಿಂದೆ ನೋಡಿದ್ದವರು ಒಬ್ಬರೇ. ಶಾಜಿಯಾ ಮಹಾದೇವಯ್ಯನವರಿಗೆ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ. ತಪ್ಪು ತೋರಿಸಿದ್ದಕ್ಕೆ ಸಿಟ್ಟೇ? ಅಷ್ಟು ದೊಡ್ಡ ಮನುಷ್ಯರು ಹೀಗೂ ಮಾಡುತ್ತಾರೆಯೇ? ಯೋಚನೆ ಬಂದದ್ದಕ್ಕೇ ಅವಳಿಗೆ ಒಂಥರಾ ಆಯಿತು. ಆದರೂ ಬೇರೆ ಯೋಚನೆ ಬರಲಿಲ್ಲ.

ಆಸಿಮ್ ಲೋಡ್ ಇಳಿಸಿ, ಇಬ್ಬರನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಕ್ಕಣೆಯ ಹೊತ್ತಿನಲ್ಲಿ ಮಹಾದೇವಯ್ಯನವರು ಊರಲ್ಲೇ ಇರುತ್ತಾರೆಂದು ಪಾಳ್ಯದ ಕಡೆ ಹೊರಟ. ಶಿವಲೀಲಾ ಸೆರಗಿಗೆ ಅಂಟಿದ್ದ ಕಾಫಿ ಸಿಪ್ಪೆಯನ್ನು ಒಂದೊಂದಾಗಿ ಬಿಡಿಸುತ್ತ ಕೂತಿದ್ದರು.

"ಅಕ್ಕ, ನನಗೊಂದು ಅರ್ಥ ಆಗ್ಲಿಲ್ಲ" ಎಂದ ಆಸಿಮ್. "ಬಾಗ್ಲು ತೆಗೆದೇ ಇತ್ತು. ಇವ್ಳೂ ದಿನಾ ಬಾಗ್ಲಲ್ಲೇ ನಿಂತಿದ್ಲು. ಒಳಗೆ ಹೋಗಿದ್ದು ಮಾತ್ರ ಬೇರೆಯೋರು."

"ಸುಮ್ನೆ ಗಾಡಿ ಓಡಿಸಿ" ಎಂದಳು ಶಾಜಿಯಾ.

"ಓಡಿಸ್ತಾನೇ ಇದ್ದೀನಲ್ಲ ಮಾರಾಯ್ತಿ. ಕಣಜ ನೋಡ್ಕೊಂಡು ಓಡಿಸ್ಬೇಕಾ, ರಸ್ತೆ ನೋಡ್ಕೊಂಡಾ?"

"ಬುಡಿ ಆಸಿಮಣ್ಣ" ಎಂದರು ಶಿವಲೀಲಾ. "ಅವ್ಳು ಆಗ್ಲೇ ಬಿಳುಚ್ಕಂಡವ್ಳೆ."

ಪಾಳ್ಯದ ಹತ್ತಿರ ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದರು. ಹೋಗಿಬರುವ ಗಾಡಿಗಳ ಗಾಲಿ ಹತ್ತಿ ಕಾಳು ಉದುರಲಿ ಎಂದು. ಆಸಿಮ್ ಅದರ ಮೇಲೆಯೇ ನಿಧಾನವಾಗಿ ಗಾಡಿ ಬಿಟ್ಟ. ಕೊನೆಯಲ್ಲಿ ತಲೆಗೆ ಟವೆಲ್ ಕಟ್ಟಿ, ಕವೆಗೋಲಿನಿಂದ ಹುಲ್ಲು ತಿರುವಿ ಹಾಕುತ್ತಿದ್ದವರೇ ಮಹಾದೇವಯ್ಯ.

"ಒಳ್ಳೇ ಲೋಡಿರೋ ಗಾಡಿ ತರ್ಬಾರ್ದೇನೋ ಸಾಬಣ್ಣ, ಖಾಲಿ ಗಾಡಿ ತುಳುದ್ರೆ ರಾಗಿ ಉದುರ್ತದಾ?" ಎಂದು ನಗುತ್ತ ಬಂದವರು, ಇಳಿದ ಶಾಜಿಯಾಳನ್ನು ನೋಡಿ ನಿಂತರು. "ಏನ್ ಶಾಜಿಯಮ್ಮ, ಇಷ್ಟ್ ದೂರ?"

"ಫೋನ್ ಮಾಡಿದೆ ಸರ್. ನೀವು ಎತ್ತಲಿಲ್ಲ."

"ಫೋನ್ ಜಗಲಿ ಮ್ಯಾಲೈತೆ. ರಾಗಿ ಧೂಳಿಗೆ ಕೆಟ್ಟೋಗ್ತದೆ ಅಂತ ಬಿಟ್ ಬಂದೆ. ಏನಾಯ್ತು?"

ಅವಳು ಹೇಳಿದಳು. ಹಳೆಯ ಉತ್ತರ, ಕರೆಂಟು, ಹಸಿರು, ಒಟಿಪಿ, ಎಲ್ಲವನ್ನೂ ಕ್ರಮವಾಗಿ. ಕೊನೆಗೆ, "ನೀವು ತಗೊಂಡ್ರಾ ಸರ್?" ಎಂದು ನೇರವಾಗಿ ಕೇಳಿಬಿಟ್ಟಳು.

"ನಾನಾ? ಬೆಳಿಗ್ಗಿಂದ ಇಲ್ಲೇ ಇವ್ನಲ್ಲ ಕಣಮ್ಮ! ಹುಲ್ಲು ತಿರುವ್ತಾ..." ಅಷ್ಟರಲ್ಲಿ ಅವರ ಮಾತು ನಿಂತಿತು. ಏನೋ ನೆನಪಾದವರಂತೆ ಕವೆಗೋಲನ್ನು ಹಾಗೇ ಬಿಟ್ಟು ಜಗಲಿಗೆ ಓಡಿದರು. ಅಷ್ಟು ವಯಸ್ಸಾದವರು ಓಡಿದ್ದನ್ನು ನೋಡಿ ಮೂವರಿಗೂ ಗಾಬರಿಯಾಯಿತು.

ಅವರು ನಡೆದೇ ಹಿಂದಿರುಗಿದರು. ಫೋನನ್ನು ಶಾಜಿಯಾಳ ಕೈಗೇ ಕೊಟ್ಟರು. ಮೇಲ್ ತೆರೆದಿತ್ತು: 'ಅಭಿನಂದನೆಗಳು. ನೀವು ಈಗ ಬಿಳಿಹೂ ಕಾಫಿ ಡಾಟ್ ಇನ್ ಹೆಸರಿನ ಮಾಲೀಕರು.'

"ಅಂಗ್ಡೀಲಿರೋ ಕಂಪ್ಯೂಟ್ರು ತಗಂಡೈತೆ" ಎಂದರು. "ನಾನಲ್ಲ. ಅಲ್ಲ, ನಾನೇ. ಒಬ್ರು ಗಿರಾಕಿ ಹಳೇ ಹೆಸ್ರಿನ ಪಟ್ಟಿ ಕೊಟ್ಟಿದ್ರು. ಖಾಲಿ ಆದ್ ತಕ್ಷಣ ಹಿಡ್ಕೊಡಿ ಅಂತ. ಆ ಪಟ್ಟಿನ ಕಂಪ್ಯೂಟ್ರಿಗೆ ಹಾಕ್ಬುಟ್ಟಿದ್ದೆ. ಅದು ದಿನವೆಲ್ಲ ಕಣಜ ಮಾತ್ರ ಕೇಳ್ತಾ ಇರ್ತದೆ, ಕಣಜ ನಿಂತ್ರೆ ಕಾಯ್ತದೆ. ಹಸ್ರು ಕಂಡ ಕ್ಷಣಕ್ಕೆ ಕೊಂಡ್ಬುಡ್ತದೆ."

ಅಂದರೆ ಅದೇ ಹೆಸರಿಗೆ ಇಬ್ಬರೂ ಕಾಯುತ್ತಿದ್ದರು. ಒಂದೇ ಹಳೆಯ ಉತ್ತರ ಇಬ್ಬರನ್ನೂ ತಡೆದಿತ್ತು. ಶಾಜಿಯಾಳ ಹೊಸ ಉತ್ತರ ಇಬ್ಬರಿಗೂ ದಾರಿ ಬಿಟ್ಟಿತ್ತು. ಓಡಿದ್ದು ಮಾತ್ರ ಯಂತ್ರ. ಅದು ಯಾರ ಒಟಿಪಿಗೂ ಕಾಯಲಿಲ್ಲ.

ಶಿವಲೀಲಾ ಮುಂದೆ ಬಂದರು. "ಅಣ್ಣ, ಅದು ನಮ್ಮ ಹೆಂಗಸ್ರ ಹೆಸ್ರು. ಪ್ಯಾಕೆಟ್ ಮ್ಯಾಲೆಲ್ಲ ಅದೇ ಐತೆ. ಕೊಟ್ಬುಡಿ."

ಮಹಾದೇವಯ್ಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. "ನಿಮ್ದು ಅಂತ ನಂಗೊತ್ತಿರ್ಲಿಲ್ಲ ತಾಯಿ. ಆದ್ರೆ ಆರ್ಡರ್ ತಗಂಡಿವ್ನಿ. ಮಾತು ಕೊಟ್ಟಿವ್ನಿ. ಅವ್ರಿಗೆ ಹೇಳ್ದೆ ನಿಮಗ್ ಕೊಟ್ರೆ ಅದೂ ತಪ್ಪಾಗ್ತದೆ." ಸ್ವಲ್ಪ ಯೋಚಿಸಿ, "ನಿಮ್ ಮುಂದೇನೇ ಕೇಳ್ತೀನಿ" ಎಂದು ಗಿರಾಕಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

ಅತ್ತ ಕಡೆಯವನ ದನಿ ಹುರುಪಿನದು. "ಸೂಪರ್ ಸರ್, ಬಿಳಿಹೂ ಸಿಕ್ತಾ? ಇವತ್ತೇ ಟ್ರಾನ್ಸ್‌ಫರ್ ಮಾಡಿ."

"ಅಲ್ಲ ಸ್ವಾಮಿ, ಇದ್ರ ಹಳೇ ವಾರಸುದಾರ್ರು ಬಂದವ್ರೆ. ಹೆಂಗಸ್ರ ಸಂಘ. ನಿಮಗೆ ಇದ್ರಿಂದ ಏನಾಗ್ಬೇಕು? ಕಾಫಿ ಮಾರ್ತೀರಾ?"

ಅವನು ನಕ್ಕ. "ಕಾಫಿ ಯಾರಿಗ್ ಬೇಕು ಸರ್. ರಮ್ಮಿ ಆಟ ಹಾಕ್ತೀವಿ. ಹಳೇ ಹೆಸರು ಅಂದ್ರೆ ಜನ ನಂಬಿ ಬರ್ತಾರೆ. ಬಂದವರಲ್ಲಿ ಕೆಲವರು ಆಡೇ ಆಡ್ತಾರೆ. ನೀವು ಹೋದ ಸಾರಿ ಹಿಡಿದುಕೊಟ್ಟ ಹೆಸರುಗಳೂ ಚೆನ್ನಾಗಿ ಓಡ್ತಾ ಇವೆ."

ಹಿಂದಿನಿಂದ ಬಂದ ಬಸ್ಸೊಂದು ರಾಗಿಯ ಮೇಲೆ ಚರಚರ ಹರಿದುಹೋಯಿತು.

"ಇಸ್ಪೀಟಾ?" ಎಂದರು ಶಿವಲೀಲಾ. "ನಮ್ಮ ಹೆಸ್ರಲ್ಲಿ ಇಸ್ಪೀಟಾ?"

ಮಹಾದೇವಯ್ಯ ಫೋನನ್ನು ಬಾಯಿಗೆ ಹತ್ತಿರ ತಂದರು. "ಸ್ವಾಮಿ" ಎಂದರು ಫೋನಿಗೆ, "ನಿಮ್ ಆರ್ಡರ್ ಬ್ಯಾಡ. ಇದೂ ಇಲ್ಲ, ಮುಂದಕ್ಕೂ ಇಲ್ಲ."

"ಏನ್ ಸರ್ ಹೀಗಂದ್ರೆ? ಒಪ್ಕೊಂಡಿದ್ದೀರಿ. ನಿಮ್ಮ ಮೇಲೆ ಎಲ್ಲ ಕಡೆ ಕೆಟ್ಟದಾಗಿ ಬರೀತೀನಿ."

"ಬರ್ಕಳ್ಳಿ. ಹೆಸ್ರು ಸರಿಯಾಗ್ ಬರೀರಿ, ಮಹಾದೇವಯ್ಯ, ಪಾಳ್ಯ." ಫೋನ್ ಇಟ್ಟು ಅವರು ರಸ್ತೆ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತರು. "ಹೋದ ಸಾರಿ ಕೊಟ್ಟವು ಯಾರ್ಯಾರವೋ ಏನೋ" ಎಂದರು, ಯಾರಿಗೆಂದಿಲ್ಲದೆ. "ನಾನು ಒಂದನ್ನೂ ಕೇಳ್ಲಿಲ್ಲ. ಖಾಲಿ ಐತಾ ಅಂತ ಮಾತ್ರ ನೋಡ್ದೆ."

ಶಾಜಿಯಾ ಅವರ ಪಕ್ಕದಲ್ಲಿ ಕೂತಳು. ಅವಳಿಗೂ ಒಂದು ವಿಷಯ ಆಗಲೇ ಹೊಳೆದಿತ್ತು: ಈ ವರ್ಷ ಅವಳು 'ಸಿಗುವುದಿಲ್ಲ' ಎಂದು ವಾಪಸು ಕಳಿಸಿದ ಗಿರಾಕಿಗಳು. ಅವರು ಕೇಳಿದ ಹೆಸರುಗಳಲ್ಲಿ ಎಷ್ಟು ನಿಜವಾಗಿ ಖಾಲಿ ಇದ್ದವೋ. "ನಾನೂ ಕೇಳಲಿಲ್ಲ ಸರ್" ಎಂದಳು. "ಬಟನ್ ಇತ್ತು. ನಿಮಗೆ ಬೇಜಾರಾಗುತ್ತೆ ಅಂತ ಒತ್ತಲಿಲ್ಲ."

"ನಂಗಾ?" ಅವರು ತಲೆ ಎತ್ತಿದರು. "ಅಯ್ಯೋ, ಆ ತಮಾಷೆಗಾ? ಒಂದ್ ಮಾತಿಗೆ ಇಷ್ಟ್ ದಿನವಾ?" ಅವರಿಗೆ ನಂಬಲಾಗಲಿಲ್ಲ. ಅವಳ ಮುಖ ನೋಡಿ ನಂಬಿದರು. ಅಲ್ಲಿಂದಲೇ ಸೋದರಳಿಯನಿಗೆ ಫೋನ್ ಮಾಡಿದರು. "ಕುಮಾರ, ಮತ್ತೆ ಕೇಳಿದ್ರೆ ಯಾರು ಕೇಳಿದ್ರು ಅಂತ ಗುಂಪಿಗೆ ಹೋಗ್ತದಲ್ಲ, ಅದನ್ನ ಈಗ್ಲೇ ಕಿತ್ತಾಕೋ. ಅವಧಿ ಮುಗ್ದಿರೋ ಹೆಸ್ರಿನ ಉತ್ರ ಕಣಜದಲ್ಲಿ ಒಂದ್ ದಿನಕ್ಕಿಂತ ಹೆಚ್ಗೆ ಇರ್ಬಾರ್ದು. ಯಾಕಾ? ಮನೆಗ್ ಬಾ, ಹೇಳ್ತೀನಿ. ಅಲ್ಲ, ಮೊದ್ಲು ಕಿತ್ತಾಕಿ ಆಮ್ಯಾಕೆ ಬಾ."

ಮಾಲೀಕರ ಹೆಸರು ಬದಲಿಸುವ ಪುಟವನ್ನು ಶಾಜಿಯಾ ಅವರ ಫೋನಿನಲ್ಲೇ ತೆರೆದಳು. ಸಂಘದ ಹೆಸರು ಬರೆದಳು, ವಿಳಾಸ ಬರೆದಳು. ಒಟಿಪಿ ಶಿವಲೀಲಾ ಫೋನಿಗೆ ಬಂತು. ಅವರು ಕನ್ನಡಕವಿಲ್ಲದೆ ಫೋನನ್ನು ದೂರ ಹಿಡಿದು, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು. ಆಸಿಮ್ ಗಾಡಿಯ ಬಾಗಿಲಿಗೆ ಒರಗಿ ನಿಂತಿದ್ದ. ತಮಾಷೆ ಮಾಡುವುದನ್ನು ಅವನು ಆಗಲೇ ಮರೆತಿದ್ದ.

ಚಕ್ರ ತಿರುಗಿತು. ನಿಂತಿತು. ಶಾಜಿಯಾ ಅಷ್ಟಕ್ಕೆ ಬಿಡಲಿಲ್ಲ. ಕಣಜವನ್ನು ಪಕ್ಕಕ್ಕಿಟ್ಟು ದೂರದ ದಾಖಲೆಯನ್ನೇ ಕೇಳಿ, ಬಂದ ಉತ್ತರವನ್ನು ಶಿವಲೀಲಾ ಮುಂದೆ ಹಿಡಿದಳು. "ಓದಿ ಅಕ್ಕ. ಮಾಲೀಕರು ಅಂತ ಇದೆಯಲ್ಲ, ಅದರ ಮುಂದೆ."

"ಬಿಳಿಹೂ ಮಹಿಳಾ ಸಂಘ, ಹೊಂಗಡಹಳ್ಳ." ಅವರು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಅವರ ಮುಖದಲ್ಲಿ ಸಂತೋಷಕ್ಕಿಂತ ಮೊದಲು ಬೆರಗು ಬಂತು, ಅದರ ಹಿಂದೆ ಒಂದು ರೀತಿಯ ಭಯ.

"ಶಾಜಿಯಾ" ಎಂದರು, "ಅಂದ್ರೆ ಇದು ಇವತ್ತೇ ಮೊದಲ್ನೇ ಸಾರಿ ನಮ್ದಾಗಿದ್ದು, ಅಲ್ವಾ? ಇಷ್ಟ್ ವರ್ಷ ನಾವು ಯಾರ್ದೋ ಹೆಸ್ರಲ್ಲಿ ಪುಡಿ ಮಾರಿದ್ವಿ."

"ಹೌದು ಅಕ್ಕ."

"ನಾವ್ ಯಾರೂ ಕೇಳೇ ಇರ್ಲಿಲ್ಲ ನೋಡು" ಎಂದು ಶಿವಲೀಲಾ ಫೋನನ್ನು ಹಿಂದಿರುಗಿಸದೆ, ಸಂಘದ ಹೆಂಗಸರಿಗೆ ತೋರಿಸಲು ಆ ಪುಟದ ಫೋಟೋ ತೆಗೆದುಕೊಡಿ ಎಂದು ಆಸಿಮ್‌ನನ್ನು ಕರೆದರು.